ಬಾಗಿಲಿಗೆ ಆನಿಸಿಟ್ಟ ಗೋಲ

ಆಸ್ಪತ್ರೆಯ ಔಷಧ ಮಂಜೂರಾತಿ ಸಮಿತಿಯ ಅಧ್ಯಕ್ಷರಿಗೆ

ಕತ್ತರಿ ಹಿಡಿಯದೆ ಕಾಲು ಕಸಿಯಬಲ್ಲ ಮಾನ್ಯರೇ,

ನನ್ನ ಅಕ್ಕನ ಔಷಧ ನಿಲ್ಲಿಸಿದ್ದೀರಿ. ಒಂದು ವರ್ಷದಲ್ಲಿ ಆಕೆಯ ಮಿದುಳು ಮಿತಿಮೀರಿ ಕುಗ್ಗಿದೆ, ಆದ್ದರಿಂದ ಔಷಧ ಕೆಲಸ ಮಾಡುತ್ತಿಲ್ಲ ಎಂಬುದು ನಿಮ್ಮ ತೀರ್ಪು. ಕಳೆದ ವರ್ಷದ ಚಿತ್ರ ತೆಗೆದದ್ದು ಹಳೆಯ ಕಟ್ಟಡದ ಎಂಆರ್‌ಐ ಯಂತ್ರದಲ್ಲಿ. ಈ ವರ್ಷದ್ದು ಹೊಸ ಕಟ್ಟಡದಲ್ಲಿ, ಬೇರೆ ಕಂಪನಿಯ ಯಂತ್ರದಲ್ಲಿ. ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದಿರಿ. ಕಳೆಯುವ ಲೆಕ್ಕ ತಪ್ಪಿಲ್ಲ, ಒಪ್ಪುತ್ತೇನೆ. ಮೂರನೇ ತರಗತಿಯ ಮಟ್ಟಿಗೆ ತಾವು ಉತ್ತೀರ್ಣರು. ಆದರೆ ಯಂತ್ರ ಬದಲಾದರೆ ಅಳತೆಯೂ ಬದಲಾದೀತೆಂಬ ಸಂಶಯ ನಿಮ್ಮಲ್ಲಿ ಒಬ್ಬರಿಗೂ ಬರಲಿಲ್ಲವೇ?

ಅಕ್ಕ ಬಸ್ ಚಾಲಕಿ. ನರಗಳ ಹೊದಿಕೆ ಸವೆಯುವ ಕಾಯಿಲೆಯಿದ್ದರೂ ಆ ಔಷಧದ ಬಲದಿಂದ ಊರಿನ ಈ ತುದಿಯಿಂದ ಆ ತುದಿಗೆ ಜನರನ್ನು ಸಾಗಿಸುತ್ತಿದ್ದಳು. ಔಷಧ ನಿಂತ ಕೆಲವು ತಿಂಗಳಿಗೆ ಒಂದು ಸಂಜೆ ಮನೆಗೆ ಬಂದವಳು ಶೂ ಬಿಚ್ಚದೆ ಕುಳಿತಳು. "ಕ್ಲಚ್ ಒತ್ತಿದೀನೋ ಇಲ್ವೋ ಅಂತ ಬಗ್ಗಿ ನೋಡ್ಬೇಕಾಯ್ತು ಕಣೋ," ಎಂದಳು. ಮರುದಿನ ತಾನೇ ಹೋಗಿ ಬಸ್ಸಿನ ಕೀ ಒಪ್ಪಿಸಿದಳು. ಈಗ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕುಳಿತು, ತಾನು ಓಡಿಸುತ್ತಿದ್ದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಪ್ರಯಾಣಿಕರಿಗೆ ಹೇಳುತ್ತಾಳೆ.

ನಾನು ನಿಮ್ಮ ಕೋಣೆಗೆ ಬಂದದ್ದು ನೆನಪಿರಬೇಕು. ಯಂತ್ರದ ಮಾತೆತ್ತಿದ ಕೂಡಲೇ ಕನ್ನಡಕ ಕೆಳಗಿಳಿಸಿ, "ಏನು ಓದಿದೀಯಪ್ಪಾ ನೀನು?" ಎಂದಿರಿ.

"ಕರಪತ್ರ, ಸಾರ್. ಸಿಕ್ಕಿದ್ದೆಲ್ಲಾ."

"ಹಾಗಾದ್ರೆ ಹೋಗಿ ಹಂಚು."

ಪಕ್ಕದಲ್ಲಿದ್ದವರು ನಕ್ಕರು. ಇಗೋ, ಈ ಪತ್ರವನ್ನೇ ಅಚ್ಚು ಹಾಕಿಸಿ ಹಂಚುತ್ತಿದ್ದೇನೆ.

ಅಲ್ಲಿಂದ ನೇರ ಸ್ಕ್ಯಾನಿಂಗ್ ವಿಭಾಗಕ್ಕೆ ಹೋದೆ. ಕಾಯುವವರ ಬೆಂಚಿನ ಮೇಲೆ ಹೊಸ ಯಂತ್ರದ ಕಂಪನಿಯದೇ ಕಿರುಪುಸ್ತಿಕೆ ಬಿದ್ದಿತ್ತು. ಯಂತ್ರದಿಂದ ಯಂತ್ರಕ್ಕೆ ಅಳತೆ ಬದಲಾಗುತ್ತದೆ. ಯಂತ್ರದ ಜೊತೆಗೆ ಕೊಟ್ಟಿರುವ, ಗಾತ್ರ ಮೊದಲೇ ಗೊತ್ತಿರುವ ನೀರು ತುಂಬಿದ ಗೋಲವನ್ನೂ ಒಂದಷ್ಟು ಜನರನ್ನೂ ಎರಡೂ ಯಂತ್ರಗಳಲ್ಲಿ ಮಲಗಿಸಿ, ವ್ಯತ್ಯಾಸ ಎಷ್ಟೆಂದು ಕಂಡುಕೊಂಡು, ಅಷ್ಟನ್ನು ಸರಿಪಡಿಸಿದ ಮೇಲೆಯೇ ಹಳೆಯದನ್ನು ಹೊಸದರೊಡನೆ ಹೋಲಿಸಿ ಎಂದು ಅದರಲ್ಲಿ ಅಚ್ಚಾಗಿದೆ. ಆ ಗೋಲ ಎಲ್ಲಿ ಎಂದು ತಂತ್ರಜ್ಞರನ್ನು ಕೇಳಿದೆ.

"ನಿಮ್ಮ ಕಾಲ ಹತ್ರಾನೇ ಇದೆಯಲ್ರೀ," ಎಂದರು.

ವರದಿ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅದನ್ನು ಪೀಠದ ಸಮೇತ ಆನಿಸಿಟ್ಟಿದ್ದರು. "ಭಾರ ಇದೆ, ಚೆನ್ನಾಗಿ ತಡಿಯತ್ತೆ. ಇನ್ನೇನಕ್ಕೆ ಅಂತ ಯಾರೂ ಹೇಳ್ಲಿಲ್ಲ."

ಅವರನ್ನು ದೂರುವುದಿಲ್ಲ. ಹೇಳಬೇಕಾದವರು ನೀವು. ಹೊಸ ಯಂತ್ರದ ಮುಂದೆ ರಿಬ್ಬನ್ ಕತ್ತರಿಸಿ ಫೋಟೊಗೆ ನಿಲ್ಲಲು ಸಮಯವಿತ್ತು; ಆ ಗೋಲವನ್ನು ಎತ್ತಿಸಲು ಇರಲಿಲ್ಲವೇ?

ಆಮೇಲೆ ನಾನು ಮಾಡಿದ್ದನ್ನು ಕೇಳಿ. ಹಳೆಯ ಯಂತ್ರ ದುಡ್ಡು ಕೊಡುವವರಿಗಾಗಿ ಇನ್ನೂ ಓಡುತ್ತಿದೆ. ಸಂಬಳ ಸುರಿದು ಸೋಮವಾರ ಅದರಲ್ಲಿ ಮಲಗಿದೆ, ಗುರುವಾರ ಹೊಸದರಲ್ಲಿ. ಅದೇ ತಲೆ, ಅದೇ ಮೊಂಡುತನ. ಅಕ್ಕ ವರ್ಷವಿಡೀ ಕಳೆದುಕೊಂಡಳೆಂದು ನೀವು ಹೇಳುವಷ್ಟು ಮಿದುಳನ್ನು ನಾನು ಸೋಮವಾರದಿಂದ ಗುರುವಾರದೊಳಗೆ ಕಳೆದುಕೊಂಡಿದ್ದೇನೆ. ಇದೇ ವೇಗದಲ್ಲಿ ಹೋದರೆ ವರ್ಷ ತುಂಬುವುದರೊಳಗೆ ತಲೆ ಪೂರ್ತಿ ಖಾಲಿಯಾಗಿ, ನಿಮ್ಮ ಸಮಿತಿಗೆ ಸೇರುವ ಅರ್ಹತೆ ನನಗೂ ಬರುತ್ತದೆ.

ಎರಡೂ ವರದಿ ನೋಡಿ ಅಕ್ಕ, "ಬಿಡೋ, ಅವ್ರೆಲ್ಲಿ ಒಪ್ಕೋತಾರೆ," ಎಂದಳು. ಅವಳು ಬಿಟ್ಟಾಳು. ನಾನು ಬಿಡುವವನಲ್ಲ, ನಿಮ್ಮ ಕ್ಷಮೆಯೂ ನನಗೆ ಬೇಡ.

ಇದೇ ವಾರ ಅಕ್ಕನ ಔಷಧ ಮತ್ತೆ ಶುರುವಾಗಬೇಕು. ಹೊಸ ಯಂತ್ರ ಬಂದ ಮೇಲೆ ಹೀಗೆ ಔಷಧ ನಿಂತವರೆಲ್ಲರ ಅಳತೆಯನ್ನು ಸರಿಪಡಿಸಿ ಮತ್ತೆ ನೋಡಬೇಕು. ಒಬ್ಬನ ತಲೆ ಪುರಾವೆಯಾಗದು ಎನ್ನುತ್ತೀರಾ? ನಿಜ. ನಿಮ್ಮದನ್ನೂ ಕೊಡಿ. ಎರಡೂ ಯಂತ್ರಗಳಲ್ಲಿ ಮಲಗಿ, ಎರಡೂ ಅಂಕಿಗಳನ್ನು ಹೊರರೋಗಿಗಳು ಸಾಲು ನಿಲ್ಲುವ ಗೋಡೆಗೆ ಅಂಟಿಸಿ. ಕುಗ್ಗಿದ್ದು ಕಂಡರೆ ಅಕ್ಕನಿಗೆ ಹಾಕಿದ ನಿಯಮವೇ ನಿಮಗೂ: ಕೊಟ್ಟದ್ದು ಕೆಲಸ ಮಾಡುತ್ತಿಲ್ಲವೆಂದು ಬರೆದು, ಕುರ್ಚಿಯನ್ನು ಹಿಂದಕ್ಕೆ ಪಡೆಯತಕ್ಕದ್ದು.

ಔಷಧ ಮರಳಿದರೂ ಕಾಲಿನ ಬಲವೆಲ್ಲ ಮರಳುತ್ತದೆಂದು ಯಾವ ಕರಪತ್ರವೂ ಹೇಳುವುದಿಲ್ಲ. ಮರಳದೆ ಉಳಿದಷ್ಟಕ್ಕಾಗಿ ದಿನವೂ ನಿಮ್ಮ ಗೇಟಿನ ಮುಂದೆ ಇದನ್ನು ಹಂಚುತ್ತಿರುತ್ತೇನೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಗುರುವಾರದಿಂದ ಮಿದುಳು ಕಡಿಮೆಯಾಗಿರುವ,
ಬಸ್ ಚಾಲಕಿಯ ತಮ್ಮ