ಎರಡು ಹೆಜ್ಜೆ ಮುಂದೆ

ಗಾಲೆ, ಮಾರ್ಚ್ 9, ಭಾನುವಾರ

ಒಂದು ಮಾತು ಗಂಟಲಲ್ಲೇ ಉಳಿದುಬಿಟ್ಟಿತು.

ಬೆಳಿಗ್ಗೆ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಹೋದವನು ಉಪಾಲಿಯ ಮಂಚದಿಂದ ದೂರವೇ ನಿಂತೆ. ಒಂಬತ್ತು ವರ್ಷ ಅವನ ವೇಗದ ಎಸೆತಗಳಿಗೆ ಕೀಪಿಂಗ್ ಮಾಡಿದವನು ನಾನು. ನನ್ನ ಬೆರಳುಗಳಲ್ಲಿ ಒಂದೂ ನೆಟ್ಟಗಿಲ್ಲ. ದೇಶದ ತಂಡಕ್ಕೆ ನಾಯಕನಾದ ವರ್ಷವೇ ಅವನನ್ನು ಕೈಬಿಟ್ಟೆ. ಎದುರಿಗೆ ಹೇಳುವ ಧೈರ್ಯವಾಗಲಿಲ್ಲ, ಅವನು ಪೇಪರಿನಲ್ಲಿ ಓದಿಕೊಂಡ. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಆ ನಾಯಕತ್ವ ಹೋಗಿಯೂ ಆರು ವರ್ಷವಾಯಿತು.

"ಬಾಯಿ ಬಿದ್ದು ನಾಲ್ಕು ದಿನ ಆಯ್ತು ಅಯ್ಯಾ," ಎಂದಳು ಅವನ ಹೆಂಡತಿ ಕುಸುಮಾ. "ನಿಮ್ಮ ಹೆಸರೆತ್ತಿದ್ರೆ ಇವ್ರು ಎದ್ದು ಹೋಗೋರು. ಆದ್ರೆ ಟೀವೀಲಿ ನೀವು ಬ್ಯಾಟ್ ಮಾಡ್ತಿದ್ರೆ, ಔಟಾಗ್ಬಿಡ್ತೀರ ಅಂತ ಮನೇಲಿ ಯಾರನ್ನೂ ಕೂತಲ್ಲಿಂದ ಏಳೋಕೆ ಬಿಡ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಮತ್ತೆ ನೋಡಿದಾಗ ಉಪಾಲಿ ಎಡಗಿವಿಯನ್ನು ಮುಟ್ಟಿಕೊಂಡಿದ್ದ.

"ಕಿವಿ ನೋಯ್ತಿರಬೇಕು," ಎಂದು ಕುಸುಮಾ ನರ್ಸನ್ನು ಕರೆಯಲು ಎದ್ದಳು.

ನೋವಲ್ಲ. ಅದು ನಮ್ಮಿಬ್ಬರ ಸನ್ನೆ. ಓಡಿ ಬರುವ ಮೊದಲು ಅವನು ಕಿವಿ ಮುಟ್ಟಿದರೆ ಮುಂದಿನ ಚೆಂಡು ನಿಧಾನ, ನನ್ನವರೆಗೆ ಬರಲಾರದು, ನಾನೇ ಎರಡು ಹೆಜ್ಜೆ ಮುಂದೆ ಹೋಗಬೇಕು.

ಹೋದೆ. ನನ್ನ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡು ಅವನು ಕಣ್ಣು ಮುಚ್ಚಿದ. ನಿದ್ದೆ ಹತ್ತಿದ ಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡೆ.

ಸಂಜೆ ಆರಕ್ಕೆ ಕುಸುಮಾಳ ಫೋನ್ ಬಂತು. ಉಪಾಲಿ ಹೋಗಿಬಿಟ್ಟ.

ತಪ್ಪಾಯಿತು ಎಂದು ನಾಳೆ ಹೇಳೋಣ ಅಂದುಕೊಂಡು ಹೊರಟು ಬಂದಿದ್ದೆ.