ನೀರಿಗೆ ಬಿಟ್ಟ ಬಯಲು

ಹೊಸ ಗಂಗಾವಳಿ,
ಫೆಬ್ರವರಿ 30, 2194

ಇಪ್ಪತ್ತೊಂದನೇ ಶತಮಾನದಲ್ಲಿ ನಗರಗಳ ನಕ್ಷೆ ಬರೆಯುವ ಹಿರಿಯರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ‘ನೀರುಬಯಲು’ ಎಂದರೆ ಉಕ್ಕಿದ ಸಮುದ್ರ ಬಂದು ಹೋಗಲೆಂದು ಮನೆ ಕಟ್ಟದೆ ಬಿಟ್ಟ ನೆಲ. ಉಳಿದ ದಿನಗಳಲ್ಲಿ ಅಲ್ಲಿ ಮೀನು ಒಣಗುತ್ತದೆ, ಮಕ್ಕಳು ಕಬಡ್ಡಿ ಆಡುತ್ತಾರೆ, ಮದುವೆಯ ಚಪ್ಪರ ಏಳುತ್ತದೆ.

ನಮ್ಮ ಊರಿನ ನೀರುಬಯಲಿನಲ್ಲಿ ಬಂದರಿನ ಮಂಡಳಿ ಬಡಾವಣೆ ಕಟ್ಟಲು ಹೊರಟಿತ್ತು. ಸಮುದ್ರಕ್ಕೆ ಮನೆ ಕಳೆದುಕೊಂಡು ಗುಡ್ಡದ ಶಿಬಿರಗಳಲ್ಲಿದ್ದ ಸಾವಿರಾರು ಸಂಸಾರಗಳಿಗೆ ಮನೆ ಬೇಕಿದ್ದದ್ದೂ ನಿಜ. ಊರಿನ ಯೋಜಕಿ ನಾಗವೇಣಿ ಹರಿಕಂತ್ರ ಮಾತ್ರ ನಕ್ಷೆಗೆ ಸಹಿ ಹಾಕಲಿಲ್ಲ. ಅವಳ ತಾಯಿಯೂ ಶಿಬಿರದಲ್ಲೇ ಇದ್ದಳು.

“ನಿನ್ನ ಹಠಕ್ಕೆ ನಾನು ಈ ತಗಡಿನ ಕೆಳಗೇ ಸಾಯೂದಾ?” ಎಂದು ಆಕೆ ಅತ್ತಳು.

“ಅಲ್ಲಿ ಮನೆ ಕಟ್ಟಿದ್ರೆ ಸಮುದ್ರ ಒಳಗೇ ಬರೂದು ಅವ್ವಿ. ನಾ ಹ್ಯಾಗೆ ಸಹಿ ಹಾಕೂದು?” ಎಂದಳು ನಾಗವೇಣಿ.

ಮಂಡಳಿ ಅವಳನ್ನು ಕೆಲಸದಿಂದ ತೆಗೆಯಿತು. ಹೊರದೇಶದ ಯೋಜಕರಿಂದ ಸಹಿ ಹಾಕಿಸುತ್ತೇವೆ ಎಂದಿತು. ನಾನು ನಮ್ಮ ಯೋಜಕರ ಸಂಘದ ಕಾರ್ಯದರ್ಶಿ. ಜಗತ್ತಿನ ಇಂಥ ಸಂಘಗಳೆಲ್ಲ ಸೇರಿದ ಒಕ್ಕೂಟದ ಸಭೆಯಲ್ಲಿ ಅವಳ ವಿಷಯ ಮುಂದಿಟ್ಟೆ. ಮೊದಲು ಎದ್ದವರು ಢಾಕಾದವರು, ಆಮೇಲೆ ಲಾಗೋಸ್‌ನವರು, ಆಮೇಲೆ ಇಡೀ ಸಭೆ. ಆ ನಕ್ಷೆಗೆ ತಮ್ಮ ಸದಸ್ಯರು ಯಾರೂ ಸಹಿ ಹಾಕುವುದಿಲ್ಲವೆಂದರು. ಢಾಕಾದವರಂತೂ ಇಲ್ಲಿಗೇ ಬಂದು, ನಾಗವೇಣಿಯೊಂದಿಗೆ ಬಿಸಿಲಲ್ಲಿ ಗುಡ್ಡ ಹತ್ತಿಳಿದು, ಇಳಿಜಾರಿನಲ್ಲಿ ಹಂತಹಂತವಾಗಿ ಮನೆ ಕಟ್ಟುವ ಜಾಗ ಹುಡುಕಿಕೊಟ್ಟರು. ಯೋಜಕರ ಸಹಿಯಿಲ್ಲದೆ ಮನೆ ಕಟ್ಟುವಂತಿಲ್ಲ; ಬೇರೆ ದಾರಿ ಕಾಣದೆ ಮಂಡಳಿ ಒಪ್ಪಿತು. ನಾಗವೇಣಿಯನ್ನು ಮತ್ತೆ ಕೆಲಸಕ್ಕೆ ಕರೆಯಿತು. ಶಿಬಿರದವರೆಲ್ಲ ಗುಡ್ಡದ ಮನೆಗಳಿಗೆ ಬಂದರು.

ಹೋದ ವಾರ ಬಿರುಗಾಳಿ ಬೀಸಿತು. ಮಟಮಟ ಮಧ್ಯಾಹ್ನ ಸಮುದ್ರ ನುಗ್ಗಿ ನೀರುಬಯಲನ್ನು ತುಂಬಿತು. ತೆಂಗಿನ ಮರಗಳ ತಲೆ ಮಾತ್ರ ಕಾಣುತ್ತಿತ್ತು. ನಾವು ಗುಡ್ಡದ ಮೇಲೆ ನಾಗವೇಣಿಯ ಮನೆಯ ಜಗಲಿಯಲ್ಲಿ ನಿಂತಿದ್ದೆವು. ಅವಳ ತಾಯಿ ಕಂಬ ಹಿಡಿದು ಕೆಳಗೆ ಬಗ್ಗಿ ನೋಡಿದಳು.

“ಅಲ್ಲಿ ಯಾರೂ ಇಲ್ಲ ಅಲ್ವನೇ?” ಎಂದು ಕೇಳಿದಳು.

“ಯಾರೂ ಇಲ್ಲ ಅವ್ವಿ.”

ತಾಯಿ ಮಗಳ ತಲೆ ನೇವರಿಸಿದಳು. ನಾಗವೇಣಿ ಗೋಡೆಗೊರಗಿ ಕೂತವಳು ಹಾಗೇ ನಿದ್ದೆ ಹೋದಳು. ಅಷ್ಟು ಗಾಢವಾಗಿ ಅವಳು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ.

ನಿಮ್ಮ ಸಂಘಗಳ ಸಭೆಯೂ ಬೇಸರ ತರಿಸುತ್ತದೆಂದು ಬಲ್ಲೆ; ಭಾಷಣ ಉದ್ದ, ಚಹಾ ತಣ್ಣಗೆ. ಆದರೂ ಹೋಗಿ. ಪಕ್ಕದ ಕುರ್ಚಿಯವರ ಹೆಸರು ಕೇಳಿ, ಅವರ ಊರಿನ ಹೊಳೆಯ ಸುದ್ದಿ ಕೇಳಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಸಹಿ ಹಾಕಲಾರೆನೆಂದು ನಿಂತರೆ, ಎದ್ದು ಅವರ ಪಕ್ಕ ನಿಲ್ಲಿ.

ಇಲ್ಲಿ ನಾವೆಲ್ಲ ಕ್ಷೇಮ.

ಸುಲಕ್ಷಣಾ ಗಾಂವ್ಕಾರ