ನಬಿಸಾಬ ಹಾಕಿದ ಗೆರೆ

ರಾಣೆಬೆನ್ನೂರು
೯ ಫೆಬ್ರವರಿ ೨೦೨೫, ರವಿವಾರ

ಗೆಳೆಯ ನಬಿಸಾಬನಿಗೆ ರುದ್ರಮುನಿಯ ಶರಣು, ಸಲಾಮು, ಎರಡೂ.

ನಾವೆಲ್ಲ ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಹೋಗಿತ್ತು, ಬಿಟ್ಟೆ. ಕಾಗದ ಬರೆಯಲು ಒಂದು ವರ್ಷದ ಮೇಲಾಯಿತು, ತಪ್ಪು ನನ್ನದು. ನಾಲ್ಕು ಸಲ ಫೋನು ಮಾಡಿದ್ದೆ. ನಾಲ್ಕೂ ಸಲ ನಿನ್ನ ಮಗಳು ಬೇನಜೀರಳೇ ಎತ್ತಿ, ಅಬ್ಬಾ ನಮಾಜಿಗೆ ಹೋಗ್ಯಾರ ಎಂದಳು. ಮುಂಜಾನೆ ಹನ್ನೊಂದಕ್ಕೆ ಯಾವ ನಮಾಜೋ ನನಗೆ ತಿಳಿಯದು. ಮೂವತ್ತೊಂದು ವರ್ಷ ಒಂದೇ ಶೆಡ್ಡಿನಲ್ಲಿ ನಿನ್ನ ಜೊತೆ ದುಡಿದವನು ನಾನು, ನಿನ್ನ ನಮಾಜಿನ ಹೊತ್ತು ನೋಡಿಯೇ ಚಹಾಕ್ಕೆ ಹೋಗುತ್ತಿದ್ದೆ. ಆ ಹುಡುಗಿಯ ಬಾಯಲ್ಲಿ ಐದನೇ ಸಲ ಸುಳ್ಳು ಹೇಳಿಸುವುದು ಬೇಡ ಎಂದು ಫೋನು ಬಿಟ್ಟೆ.

ನಿನ್ನ ಮನೆಯಾಕೆ ಬಿಸ್ಮಿಲ್ಲಾಬಿಯ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಟ್ಟಿರುತ್ತಾಳೆ, ನನಗೆ ಗೊತ್ತು. ಇಲ್ಲಿ ಚಳಿ ಹೋಯಿತು, ಬಿಸಿಲು ಬಂತು. ಲೇತ್ ನಡೆಯುತ್ತಿದೆ. ಶೆಡ್ಡಿನಲ್ಲಿ ನಿನ್ನ ಕಡೆಯ ಅರ್ಧ ಖಾಲಿಯೇ ಇದೆ. ಬಾಡಿಗೆಗೆ ಕೇಳಿದವರಿದ್ದಾರೆ, ನಾನು ಹ್ಞೂ ಎಂದಿಲ್ಲ, ಊಹ್ಞೂ ಎಂದೂ ಇಲ್ಲ. ಈಗೀಗ ಕೈಗೆ ಬಿಸಿ ತಗಲಿದ್ದು ತಡವಾಗಿ ತಿಳಿಯುತ್ತದೆ. ಮೊನ್ನೆ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು, ಸಂಜೆ ಊಟಕ್ಕೆ ಕೂತಾಗ ನೋಡಿಕೊಂಡೆ.

ನಿನ್ನ ಸುದ್ದಿ ಮೇಡ್ಲೇರಿಯ ಗೋಣೆಪ್ಪನಿಂದ ತಿಳಿಯುತ್ತದೆ. ಮೆಣಸಿನಕಾಯಿ ಹಾಕಲು ಅವನು ನಿಮ್ಮ ಬ್ಯಾಡಗಿ ಪೇಟೆಗೆ ಬರುತ್ತಾನಲ್ಲ. ಅಲ್ಲಿ ಯಾರೂ ನಿನ್ನ ಕೈಗೆ ಇಂಜಿನ್ ಕೊಡುತ್ತಿಲ್ಲವಂತೆ. ಅಳಿಯ ಜಾವೇದನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತಿರುತ್ತೀಯಂತೆ. ನೀನು ಎದ್ದು ಹೋದ ಮೇಲೆ ಮಂದಿ ಬೆನ್ನ ಹಿಂದೆ ಬೆರಳು ಮಾಡಿ, ಮನುಷ್ಯನ ಜೀವ ತೆಗೆದ ಇಂಜಿನ್ ಕಟ್ಟಿದವ ಅನ್ನುತ್ತಾರಂತೆ. ಅದಕ್ಕೇ ಈ ಕಾಗದ. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ. ನಿನ್ನದು ಉರ್ದು ಅಕ್ಷರ, ನನ್ನದು ಕನ್ನಡ. ಓದಿ ಹೇಳುವವಳು ಬೇನಜೀರ, ಅವಳಿಗೂ ತಿಳಿಯಲಿ. ಆಮೇಲೆ ಇದನ್ನು ಬ್ಯಾಡಗಿಯಲ್ಲಿ ಯಾರಿಗೆ ಬೇಕಾದರೂ ತೋರಿಸು.

ಹೋದ ಗುರುವಾರ ನನ್ನ ತಮ್ಮನ ಇಂಜಿನ್ ಬಿಚ್ಚಿದೆ. ಪೊಲೀಸರು ಗಾಡಿ ಬಿಟ್ಟುಕೊಟ್ಟಾಗ ಅದನ್ನು ಇಳಿಸಿ ಶೆಡ್ಡಿನ ಮೂಲೆಯಲ್ಲಿ ಚೀಲ ಹೊದಿಸಿ ಇಟ್ಟಿದ್ದೆ. ತಮ್ಮನ ಹೆಂಡತಿ ಸುರೇಖಾ ಬುತ್ತಿ ಕೊಡಲು ಬಂದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಭಾವಾರ, ಅದನ್ನ ಗುಜರಿಗೆ ಹಾಕಿಬಿಡ್ರಿ, ನೋಡಿದ್ರ ನನಗ ಊಟ ಸೇರೂದಿಲ್ಲ ಎಂದಳು. ಗುಜರಿಯವನು ಆಯಿಲ್ ತೆಗೆದು ಕೊಡಿ ಎಂದ. ಹಾಗಾಗಿ ಬಿಚ್ಚಬೇಕಾಯಿತು.

ಬೇನಜೀರ, ಕೇಳು ತಾಯಿ. ನನ್ನ ತಮ್ಮ ಪ್ರಭುಲಿಂಗಪ್ಪನ ಗೂಡ್ಸ್ ಗಾಡಿಯ ಹಳೇ ಇಂಜಿನ್ ಕೈ ಕೊಟ್ಟಿತ್ತು. ಅವನು ಹುಬ್ಬಳ್ಳಿಯಿಂದ ಒಂದು ಸೆಕೆಂಡ್‌ಹ್ಯಾಂಡ್ ಇಂಜಿನ್ ತಂದ. ಬೀಡು ಕಬ್ಬಿಣದ್ದಲ್ಲ, ಅಲ್ಯೂಮಿನಿಯಂ ಬ್ಲಾಕಿನದು, ಇಬ್ಬರೇ ಎತ್ತುವಷ್ಟು ಹಗುರ. ಗಾಡಿಯಲ್ಲಿ ಸರಿಯಾಗಿ ಕೂತಿತು, ಆದರೆ ಆಯಿಲ್ ನೋಡುವ ಕಡ್ಡಿ ಮಾತ್ರ ಗಾಡಿಯ ಚಾಸಿಗೆ ಅಡ್ಡವಾಗಿ ಬಂತು. ಎಳೆಯಲು ಬರುತ್ತಿರಲಿಲ್ಲ. ಪ್ರಭು, ಇರಲಿ ಬಿಡ್ರಿ, ಅಂದಾಜಿನ ಮ್ಯಾಲ ಹಾಕ್ತೇನಿ ಎಂದ. ನಿನ್ನ ಅಬ್ಬಾ ಒಪ್ಪಲಿಲ್ಲ. ಕಡ್ಡಿ ಇಲ್ಲದ ಇಂಜಿನ್ ನಾ ಕಟ್ಟಂಗಿಲ್ಲ, ಬ್ಯಾರೆದವ್ರನ್ನ ನೋಡ್ಕೊ ಎಂದು ಪಾನಾ ಕೆಳಗಿಟ್ಟ. ಹಟಮಾರಿ. ಬ್ಲಾಕಿನ ಇನ್ನೊಂದು ಮಗ್ಗುಲಲ್ಲಿ ಕಂಪನಿಯವರು ತೂತು ಕೊರೆಯದೆ ಬಿಟ್ಟ ಒಂದು ದಪ್ಪ ಜಾಗ ಇತ್ತು. ಅಲ್ಲಿ ಕೊರೆದು, ಪೈಪು ಬಿಗಿದು, ಹೊಸ ಕಡ್ಡಿ ಇಳಿಸುವುದೆಂದು ನಿಶ್ಚಯವಾಯಿತು. ಕೊರೆಯುವುದು ನನ್ನ ಕೆಲಸ, ಅಳತೆ ನಿನ್ನ ಅಬ್ಬಾನದು.

ಡ್ರಿಲ್ಲಿಗೆ ಗ್ರೀಸ್ ಬಳಿದು, ಸೀಮೆಎಣ್ಣೆ ಬಿಡುತ್ತ ಕೊರೆದೆ. ಹಸಿ ಗೆಣಸಿನಲ್ಲಿ ಹೋದಂತೆ ಹೋಯಿತು. ಗ್ರೀಸಿಗೆ ಅಂಟಿದ ಚೂರು ಅಂಟಿತು, ಕೊನೆಗೆ ತೂತು ಬಿದ್ದಾಗ ಒಂದಿಷ್ಟು ಒಳಗೆ ಉದುರಿತು. ಯಾವಾಗಲೂ ಮಾಡುವಂತೆ ತಂತಿಗೆ ಕಟ್ಟಿದ ಮ್ಯಾಗ್ನೆಟ್ ಇಳಿಸಿ ಮೂರು ಸಲ ಆಡಿಸಿದೆ. ಮೂರೂ ಸಲ ಬರಿದಾಗಿ ಬಂತು. ಕ್ಲೀನ್ ಐತಿ ಎಂದೆ.

ನಬಿ, ಆಗ ನೀನು ಆಡಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ: "ರುದ್ರಣ್ಣ, ಚೇಂಬರ್ ಇಳಿಸಿ ಒಮ್ಮೆ ಡೀಸೆಲ್‌ನ್ಯಾಗ ತೊಳ್ಯೂಣು."

ಚೇಂಬರ್, ಅಂದರೆ ತಳದ ಆಯಿಲ್ ತೊಟ್ಟಿ, ಇಳಿಸಿದರೆ ಪ್ಯಾಕಿಂಗ್ ಹೊಸದು ಕತ್ತರಿಸಬೇಕು, ಎರಡು ತಾಸಿನ ಕೆಲಸ. ಮರುದಿನ ಬ್ಯಾಡಗಿಯ ಪೇಟೆ. ಗೋಣೆಪ್ಪನ ಚೀಲಗಳು ಮೇಡ್ಲೇರಿಯಲ್ಲಿ ಕಾಯುತ್ತಿದ್ದವು, ಪ್ರಭು ಚಾವಿ ತಿರುವುತ್ತ ನಿಂತಿದ್ದ. ನಲವತ್ತು ವರ್ಷ ಇದೇ ಮ್ಯಾಗ್ನೆಟ್ ನಂಬಿದ್ದೇನೆ, ಬೇಡ ಎಂದೆ. ನೀನು ನನ್ನ ಮುಖ ನೋಡಿದೆ, ಅವನ ಮುಖ ನೋಡಿದೆ. ಆಮೇಲೆ ನೀನೇ ಆಯಿಲ್ಲನ್ನು ಲೀಟರಿನ ಪಾತ್ರೆಯಲ್ಲಿ ಅಳೆದಳೆದು ಹುಯ್ದು, ಕಡ್ಡಿ ಅದ್ದಿ, ಕಾನಸಿನಿಂದ ಉಜ್ಜಿ ಎರಡು ಗೆರೆ ಹಾಕಿದೆ. ಕೆಳಗಿನ ಗೆರೆಗೆ ಬಂದರೆ ಹಾಕಬೇಕು, ಮೇಲಿನ ಗೆರೆ ದಾಟಬಾರದು ಎಂದು ಪ್ರಭುವಿಗೆ ಎರಡೆರಡು ಸಲ ಹೇಳಿಕೊಟ್ಟೆ.

ಇಪ್ಪತ್ತು ದಿನ ಗಾಡಿ ಓಡಿತು. ಹೋದ ವರ್ಷ ಸಂಕ್ರಾಂತಿಯ ಮುಂದಿನ ವಾರ, ಸೋಮವಾರ, ಚೀಲ ತುಂಬಿಕೊಂಡು ಹೋಗುವಾಗ ಮೋಟೆಬೆನ್ನೂರಿನ ಹತ್ತಿರ ಹೈವೇ ಮೇಲೆ ಇಂಜಿನ್ ಜಾಮ್ ಆಯಿತು. ಹಿಂದಿನ ಗಾಲಿಗಳು ಹಿಡಿದುಕೊಂಡವು. ಹಿಂದೆ ಲಾರಿ ಇತ್ತು. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗದು.

ಸಾಬ ಹಾಕಿದ ಗೆರೆ ತಪ್ಪಿತ್ತು, ಆಯಿಲ್ ಕಡಿಮೆಯಾಗಿ ಇಂಜಿನ್ ಒಣಗಿತು ಎಂಬ ಮಾತು ಎಲ್ಲಿಂದ ಹುಟ್ಟಿತೋ ಏನೋ, ಪ್ರಭುವಿನ ಶಿವಗಣಾರಾಧನೆಯ ಹೊತ್ತಿಗೆ ಮನೆ ತುಂಬ ಇತ್ತು. ನೀನು ಬಿಸ್ಮಿಲ್ಲಾಬಿಯನ್ನು ಕರೆದುಕೊಂಡು ಬಂದೆ. ಬೆಳಿಗ್ಗೆಯಿಂದ ನೀವಿಬ್ಬರೂ ಏನೂ ತಿಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಸುರೇಖಾ ಬಾಗಿಲಿಗೆ ಅಡ್ಡ ನಿಂತು, ನಿನ್ನ ಗೆರಿ ನನ್ನ ಗಂಡನ್ನ ತಿಂತು, ಈ ಹೊಸ್ತಿಲಾ ತುಳೀಬ್ಯಾಡ ಎಂದಳು. ನೀನು ನನ್ನ ಕಡೆ ನೋಡಿದೆ. ನಾನು ಅಂಗಳದಲ್ಲಿ ಬಿಟ್ಟಿದ್ದ ಮಂದಿಯ ಚಪ್ಪಲಿ ನೋಡುತ್ತಿದ್ದೆ. ನೀನು ಬಿಸ್ಮಿಲ್ಲಾಬಿಯ ಕೈ ಹಿಡಿದು ತಿರುಗಿದೆ. ವಾರದ ಮೇಲೆ ನಾನಿಲ್ಲದ ಹೊತ್ತು ನೋಡಿ ನಿನ್ನ ಪಾನಾಗಳನ್ನು ಎತ್ತಿಕೊಂಡು ಬ್ಯಾಡಗಿಗೆ, ಮಗಳ ಊರಿಗೆ ಹೋದೆ.

ಈಗ ಗುರುವಾರದ ಮಾತು. ಮೊದಲು ಕಡ್ಡಿ ಎಳೆದೆ. ಆಯಿಲ್ ಮೇಲಿನ ಗೆರೆಗೇ ಇತ್ತು, ಕೂದಲೆಳೆ ಕೆಳಗಿಲ್ಲ. ಆಮೇಲೆ ಡ್ರೈನ್ ನಟ್ ಬಿಚ್ಚಿ ಅಳೆದೆ. ನೀನು ಹುಯ್ದಷ್ಟೂ ಇತ್ತು. ಚೇಂಬರ್ ಇಳಿಸಿದೆ. ಆಯಿಲ್ ಪಂಪಿನ ಜಾಲರಿಯಲ್ಲಿ ನನ್ನ ಡ್ರಿಲ್ಲಿನ ಚೂರು, ಚಹಾ ಸೋಸಿದಾಗ ಚರಟ ಕೂರುವ ಹಾಗೆ ಕೂತಿತ್ತು. ಒಂದು ಹನಿ ಮೇಲೇರಲು ದಾರಿ ಇರಲಿಲ್ಲ. ಕೆಳಗೆ ಆಯಿಲ್ ತುಂಬಿತ್ತು, ಮೇಲೆ ಇಂಜಿನ್ ಒಣಗಿತ್ತು. ಮ್ಯಾಗ್ನೆಟ್ ಅಲ್ಯೂಮಿನಿಯಂ ಹಿಡಿಯುವುದಿಲ್ಲ ನಬಿ. ಶಾಲೆಯ ಪುಸ್ತಕದಲ್ಲೂ ಇರುವ ಮಾತು. ನಲವತ್ತು ವರ್ಷ ನನ್ನ ಕೈಗೆ ಬಂದದ್ದೆಲ್ಲ ಬೀಡಿನ ಬ್ಲಾಕು, ಕೈ ಅದನ್ನೇ ಕಲಿತಿತ್ತು.

ನೋಡಿದೆ. ನನಗೇನೂ ಆಗಲಿಲ್ಲ. ಕೈ ತೊಳೆದುಕೊಂಡು ಎರಡು ರೊಟ್ಟಿ ತಿಂದೆ, ಮೂರನೆಯದಕ್ಕೂ ಕೈ ಹಾಕಿದೆ. ಅದು ನನಗೆ ಹೆದರಿಕೆ ತಂದಿತು. ಒಡಹುಟ್ಟಿದವನನ್ನು ಕೊಂದದ್ದು ಕಣ್ಣೆದುರು ಇರುವಾಗ ಮನುಷ್ಯನಿಗೆ ಹಸಿವೆ ಆಗಬಾರದು.

ಜಾಲರಿಯನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ. ಶನಿವಾರ ಗೋಣೆಪ್ಪನನ್ನು ಕರೆಸಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಹಂಗಾದ್ರ ಸಾಬಂದೇನೂ ತಪ್ಪಿಲ್ಲ ಎಂದ. ಇಲ್ಲ ಎಂದೆ. ಬ್ಯಾಡಗಿ ಪೇಟೆಯಲ್ಲಿ ಅವನ ಬಾಯಿಗಿಂತ ದೊಡ್ಡ ಬಾಯಿ ಇನ್ನೊಂದಿಲ್ಲ, ನಾಳೆ ಸೋಮವಾರ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಬೆಂಕಿ ಹಚ್ಚಲು ಒಂದು ಕಡ್ಡಿ, ಆರಿಸಲು ಹತ್ತು ಕೊಡ ಅನ್ನುತ್ತಾರೆ. ಇದು ಮೊದಲನೇ ಕೊಡ.

ನಿನ್ನ ಅರ್ಧ ಶೆಡ್ಡು ನಿನ್ನದೇ. ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ, ಬಂದರೆ ಬೀಗ ಹಾಕಿರುವುದಿಲ್ಲ. ಬಿಸ್ಮಿಲ್ಲಾಬಿಗೆ ಈ ಅಣ್ಣನ ನಮಸ್ಕಾರ ಹೇಳು. ಬೇನಜೀರ, ಜಾವೇದ ಸುಖವಾಗಿರಲಿ, ಅವರ ಮಕ್ಕಳಿಗೆ ಒಳ್ಳೆಯದಾಗಲಿ. ನಿನ್ನ ಅಲ್ಲಾ, ನನ್ನ ಶಿವ ಇಬ್ಬರೂ ನಿನ್ನ ಕೈಗೆ ಮತ್ತೆ ಕೆಲಸ ಕೊಡಲಿ.

ಇಂತಿ ನಿನ್ನ,
ರುದ್ರಮುನಿ

ತಾ.ಕ.: ಬೇನಜೀರ, ಇದನ್ನೂ ಬಿಡದೆ ಓದಿ ಹೇಳು ತಾಯಿ.

ನಬಿ, ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ. ಹೊಡೆದು ಹಾಕಿಲ್ಲ, ಹಾಗೇ ಬಿಟ್ಟಿದ್ದೇನೆ. ಗೆರೆ ತಪ್ಪಿತ್ತೆಂಬ ಮಾತು ಎಲ್ಲಿ ಹುಟ್ಟಿತೆಂದು ನನಗೆ ಗೊತ್ತು. ಹಾವೇರಿಯ ಆಸ್ಪತ್ರೆಯ ಕಟ್ಟೆಯ ಮೇಲೆ, ನನ್ನ ಬಾಯಲ್ಲಿ ಹುಟ್ಟಿತು. ಪ್ರಭುವನ್ನು ಒಳಗೆ ಒಯ್ದಿದ್ದರು. ಇಂಜಿನ್ ಜಾಮ್ ಆಯಿತೆಂದು ಯಾರೋ ಹೇಳಿದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು, ನಾನು ಏನು ಮಾಡಿದ್ದೆ, ನೀನು ಏನು ಮಾಡೋಣ ಎಂದಿದ್ದೆ, ಎಲ್ಲ. ಅಷ್ಟರಲ್ಲಿ ಸುರೇಖಾ ನನ್ನ ತೋಳು ಹಿಡಿದು, ಗಾಡಿ ಯಾಕ ನಿಂತಿತ್ರೀ ಭಾವಾರ ಎಂದು ಕೇಳಿದಳು. ನಬಿಸಾಬನ ಗೆರಿ ತಪ್ಪಿರಬೇಕು ಎಂದೆ. ತಿಳಿದೂ ಎಂದೆ. ಇಂಜಿನ್ ಬಿಚ್ಚಿ ನೋಡುವ ಅವಶ್ಯಕತೆ ನನಗಿರಲಿಲ್ಲ, ಇಡೀ ವರ್ಷ ಅದಕ್ಕೆ ಚೀಲ ಹೊದಿಸಿಟ್ಟದ್ದು ಅದಕ್ಕೇ.

ಇಂದು ಮಧ್ಯಾಹ್ನ ಸುರೇಖಾಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ಮುಗಿಸಿ ಒಂದೇ ಒಂದು ಮಾತು ಕೇಳಿದಳು:

"ನಾ ಅವ್ರನ್ನ ಹೊಸ್ತಿಲದಾಗ ನಿಂದ್ರಿಸಿ ಬೈಯ್ಯುಮುಂದ, ನೀವು ಅಲ್ಲೇ ಇದ್ರಲ್ರೀ ಭಾವಾರ?"

ಇದ್ದೆ ಎಂದೆ.